ರಜೆ ದಿನದ ಬ್ರಂಚ್: ಒಲೆ ಬಿಟ್ಟು ಗೆಳೆಯರ ಜೊತೆ ಕೂರುವುದು ಹೇಗೆ?

ಓದುಗರ ಸ್ಪಂದನ

ಓದುಗರೊಬ್ಬರ ಸಮಸ್ಯೆ: ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕ್ರಿಸ್‌ಮಸ್ ರಜೆಯಲ್ಲಿ 14 ಜನ ಗೆಳೆಯರನ್ನು ಬೆಳಿಗ್ಗೆ ಹತ್ತೂವರೆಗೆ ಬ್ರಂಚ್‌ಗೆ ಕರೆಯಬೇಕು ಅಂತಿದ್ದೇನೆ. ಹೋದ ವರ್ಷ ಅಕ್ಕಿರೊಟ್ಟಿ ಮಾಡಿದ್ದೆ. ಎಲ್ಲರೂ ತಿಂದು ಏಳುವವರೆಗೂ ಒಲೆ ಮುಂದೆಯೇ ನಿಂತಿದ್ದೆ. ಒಬ್ಬರ ಜೊತೆಯೂ ಕೂತು ಮಾತಾಡಲಿಲ್ಲ. ಅವರು ಹೊರಟ ಮೇಲೆ ಅಳು ಬಂತು. ಮಾಂಸ ತಿನ್ನುವವರೂ ಇದ್ದಾರೆ, ಮುಟ್ಟದವರೂ ಇದ್ದಾರೆ. ಅರ್ಧ ಜನ ಬೆಂಗಳೂರಿನಿಂದ ಬರುವವರು. ಈ ಸಲ ಏನು ಮಾಡಲಿ?

ತಂಗಿ, ನಿಮ್ಮ ಪತ್ರ ಓದಿ ಹೊಟ್ಟೆಯಲ್ಲಿ ಕಸಿವಿಸಿ ಆಯ್ತು. ನಾನೂ ಎಷ್ಟೋ ವರ್ಷ ನೆಂಟರ ನಗುವನ್ನು ಅಡುಗೆಮನೆಯಿಂದಲೇ ಕೇಳಿದವಳು. ಅಕ್ಕಿರೊಟ್ಟಿ ಕಾವಲಿಯಿಂದ ಇಳಿದ ಕೂಡಲೇ ತಟ್ಟೆಗೆ ಬರಬೇಕು, ಆರಿದರೆ ಬಿರುಸು. 14 ಜನಕ್ಕೆ ಎರಡೆರಡು ಅಂದ್ರೂ 28 ರೊಟ್ಟಿ. ಒಂದಕ್ಕೆ ಮೂರು ನಿಮಿಷ ಹಿಡಿದರೂ ಒಂದೂವರೆ ಗಂಟೆ ಹತ್ತಿರ ಆಯ್ತು. ನೀವು ಎಷ್ಟು ಚುರುಕಾಗಿದ್ದರೂ ಕೂರಲು ಆಗುವುದಿಲ್ಲ.

ಈ ಸಲ ಕಡುಬು ಮಾಡಿ. ಅಕ್ಕಿತರಿ ಹಿಂದಿನ ದಿನವೇ ಸಿದ್ಧ ಇರಲಿ. ಒಂದು ಲೋಟ ತರಿಗೆ ಎರಡರಿಂದ ಎರಡೂವರೆ ಲೋಟ ನೀರು, ಉಪ್ಪು, ಒಂದು ಹಿಡಿ ಕಾಯಿತುರಿ. ನೀರು ಕುದಿಯುವಾಗ ತರಿ ಸುರಿದು, ಕೈಯಾಡಿಸಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ನೀರೆಲ್ಲ ಹೀರಿಕೊಂಡ ಮೇಲೆ, ಬಿಸಿ ಪೂರ್ತಿ ಆರುವ ಮೊದಲೇ ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿ. ಹಬೆಯಲ್ಲಿ 15–20 ನಿಮಿಷ ಸಾಕು. ಹಾಟ್‌ಬಾಕ್ಸ್‌ಗೆ ತೆಳು ಬಟ್ಟೆ ಹಾಸಿ ತುಂಬಿಟ್ಟರೆ ಹನ್ನೊಂದೂವರೆಗೆ ಬಂದವರಿಗೂ ಮೆತ್ತಗೇ ಸಿಗುತ್ತೆ.

ಕಡುಬಿನ ದೊಡ್ಡ ಗುಣ ಇನ್ನೊಂದು. ಅದು ಎರಡೂ ಕಡೆಯವರಿಗೆ ಆಗುತ್ತೆ. ಡಿಸೆಂಬರ್ ಅಂದ್ರೆ ಅವರೆಕಾಯಿ ಕಾಲ. ಒಂದು ಪಾತ್ರೆ ಅವರೆಕಾಳು ಸಾರು, ಒಂದು ಪಾತ್ರೆ ಕೋಳಿ ಸಾರು, ಅಷ್ಟೇ. ಸಾರು ಎರಡನ್ನೂ ಹತ್ತಕ್ಕೆ ಮೊದಲೇ ಮುಗಿಸಬಹುದು. ಕೋಳಿ ಸಾರನ್ನು ಬೇರೆ ಮೇಜಿನ ಮೇಲಿಡಿ, ಸೌಟೂ ಬೇರೆ ಇರಲಿ. ಮಾಂಸ ಮುಟ್ಟದವರು "ಇದು ಯಾವ ಸೌಟು?" ಅಂತ ಕೇಳುವ ಹಾಗಾಗಬಾರದು. ಪಾಪ, ಸಂಕೋಚದಿಂದ ಎಷ್ಟೋ ಜನ ಕೇಳದೆ ಬರೀ ಮೊಸರು ಹಾಕಿಕೊಂಡು ಏಳುತ್ತಾರೆ. ಕಾಯಿ ಚಟ್ನಿ ಮಾತ್ರ ಚಳಿ ಇದೆ ಅಂತ ಆರು ಗಂಟೆಗೇ ರುಬ್ಬಿ ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟು, ಜನ ಬಂದ ಮೇಲೆ ಒಗ್ಗರಣೆ ಕೊಡಿ.
– ನಿವೃತ್ತ ಶಿಕ್ಷಕಿ, ಕೊಪ್ಪ

ಯಾರಾದರೂ ಇಡ್ಲಿ ಸುಲಭ ಅಂದರೆ ಸ್ವಲ್ಪ ಯೋಚಿಸಿ ಮೇಡಂ. ನಮ್ಮ ಕಡೆ ಡಿಸೆಂಬರ್ ಚಳಿಗೆ ಹಿಟ್ಟು ರಾತ್ರಿ ಕಳೆದರೂ ಉಬ್ಬುವುದಿಲ್ಲ. ಹೋದ ವರ್ಷ ನೆಂಟರು ಬಂದ ದಿನವೇ ನನ್ನ ಇಡ್ಲಿ ಕಲ್ಲಾಯ್ತು, ಇಡೀ ದಿನ ಮುಖ ಎತ್ತಲು ಆಗಲಿಲ್ಲ. ಮಾಡಲೇಬೇಕು ಅಂದರೆ ಹಿಂದಿನ ದಿನ ಮಧ್ಯಾಹ್ನವೇ ರುಬ್ಬಿ. ಬಚ್ಚಲ ಒಲೆ ಇರುವ ಮನೆಯಾದರೆ ಹಂಡೆ ಪಕ್ಕ ಪಾತ್ರೆ ಇಡಿ, ಅಲ್ಲಿನ ಬೆಚ್ಚಗೆ ಸಾಕು.
– ಗೃಹಿಣಿ, ಮೂಡಿಗೆರೆ

ನನಗೆ ಬೇರೆಯದೇ ಅನಿಸುತ್ತೆ. ಎಲ್ಲ ಮಾಡಿಟ್ಟು ಗೆಳೆಯರಿಗಾಗಿ ಕಾಯುವುದು ಯಾಕೆ? ಅವರನ್ನೇ ಒಳಗೆ ಕರೆಯಿರಿ. ಬಾಳೆಹೊನ್ನೂರಿನ ನಮ್ಮ ಅಜ್ಜಿ ಮನೆಯಲ್ಲಿ ರಜೆಗೆ ಎಲ್ಲರೂ ಸೇರಿದ ದಿನ ಒತ್ತುಶ್ಯಾವಿಗೆ. ಬೇಯಿಸಿದ ಹಿಟ್ಟಿನ ಉಂಡೆ ಬಿಸಿ ಇರುವಾಗಲೇ ಶ್ಯಾವಿಗೆ ಒತ್ತುವ ಒರಳಿಗೆ ಹಾಕಬೇಕು, ಆರಿದರೆ ಒತ್ತಲು ಬರುವುದಿಲ್ಲ. ಒಬ್ಬರು ತಿರುಗಿಸಬೇಕು, ಒಬ್ಬರು ಒರಳು ಅಲ್ಲಾಡದ ಹಾಗೆ ಹಿಡಿಯಬೇಕು, ಮಕ್ಕಳು ತಟ್ಟೆ ಒಡ್ಡಬೇಕು. ಮಾವಂದಿರು ನಾ ಮುಂದು ತಾ ಮುಂದು ಅಂತ ಪೈಪೋಟಿಗೆ ಬೀಳುತ್ತಿದ್ದರು. ಆ ಗಲಾಟೆ ಈಗಲೂ ಕಿವಿಯಲ್ಲಿದೆ. ಶ್ಯಾವಿಗೆಗೆ ಕಾಯಿಹಾಲು, ಬೆಲ್ಲ, ಏಲಕ್ಕಿ. ಖಾರ ಬೇಕಾದವರಿಗೆ ನಿಂಬೆಹುಳಿ ಒಗ್ಗರಣೆ. ಒರಳು ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ, ಮಲೆನಾಡಿನವರ ಅಟ್ಟದಲ್ಲಿ ಒಂದಾದರೂ ಇರುತ್ತೆ. ಕಾಯಿಹಾಲು ಅವತ್ತೇ ಬೆಳಿಗ್ಗೆ ಹಿಂಡಿ. ಜಾಸ್ತಿ ಕುದಿಸಿದರೆ ಒಡೆಯುತ್ತೆ.

ಇನ್ನೊಂದು ಮಾತು. "ಬರುವಾಗ ಏನು ತರಲಿ?" ಅಂತ ಕೇಳಿದವರಿಗೆ "ಏನೂ ಬೇಡ, ಸುಮ್ನೆ ಬನ್ನಿ" ಅನ್ನಬೇಡಿ. ಬಾಳೆಹಣ್ಣು ಅನ್ನಿ, ಮೊಸರು ಅನ್ನಿ. ಏನಾದರೂ ತಂದವರು ತಾವಾಗಿಯೇ ಅಡುಗೆಮನೆಗೆ ಬರುತ್ತಾರೆ.
– ಬ್ಯಾಂಕ್ ಉದ್ಯೋಗಿ, ಹಾಸನ

ತಟ್ಟೆ ತೊಳೆಯುವ ಕೆಲಸ ಯಾರೂ ಹೇಳಲಿಲ್ಲವಲ್ಲ! ಅಡಿಕೆ ಹಾಳೆ ತಟ್ಟೆ ತನ್ನಿ. ಸಾರು ಸೋರುವುದಿಲ್ಲ, ತಿಂದ ಮೇಲೆ ಗೊಬ್ಬರದ ಗುಂಡಿಗೆ ಹಾಕಿದರಾಯ್ತು.
– ಅಡಿಕೆ ಬೆಳೆಗಾರ, ತರೀಕೆರೆ

ನಿಮ್ಮ ಗೆಳೆಯರಲ್ಲಿ ತೋಟದವರು ಇದ್ದರೆ ಒಂದು ವಿಷಯ ತಿಳಿದಿರಲಿ. ಕ್ರಿಸ್‌ಮಸ್ ಹೊತ್ತಿಗೆ ನಮಗೆ ಅರೇಬಿಕಾ ಕಾಫಿ ಕೊಯ್ಲು. ಕೊಯ್ದ ಹಣ್ಣನ್ನು ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಬೇಕು. ಹಾಗಾಗಿ ಬೇಗ ಎದ್ದು ಹೊರಟರೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಬೆಳಗಿನ ಸುತ್ತು ಮುಗಿಸಿ ಬಂದು ಹತ್ತು ಗಂಟೆಗೆ ಹೊಟ್ಟೆತುಂಬಾ ತಿನ್ನುವುದು ನಮ್ಮ ತೋಟದ ಮನೆಗಳಲ್ಲಿ ಮೊದಲಿಂದಲೂ ಇದೆ. ನಿಮ್ಮ ಹತ್ತೂವರೆ ನಮಗೆ ಸರಿಯಾದ ಹೊತ್ತು.

ಕಾಫಿ ಬಗ್ಗೆ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಬಾಬಾ ಬುಡನ್ ಏಳು ಬೀಜ ತಂದು ನೆಟ್ಟರು ಅನ್ನುವ ಊರಿನಲ್ಲಿ ಬಂದವರಿಗೆ ಕಾಸಿ ಕಾಸಿ ಕಹಿಯಾದ ಕಾಫಿ ಕೊಡಬಾರದು. ಒಂದು ಲೋಟಕ್ಕೆ ಸುಮಾರು 10 ಗ್ರಾಂ ಪುಡಿ ಲೆಕ್ಕ ಇಡಿ. ಒಬ್ಬೊಬ್ಬರು ಎರಡು ಲೋಟ ಕುಡಿದರೂ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಬೇಕು. ಎರಡು ಫಿಲ್ಟರ್‌ನಲ್ಲಿ ಬೆಳಿಗ್ಗೆ ಏಳಕ್ಕೇ ಡಿಕಾಕ್ಷನ್ ಇಳಿಸಲು ಶುರುಮಾಡಿ, ಸಾಲದಿದ್ದರೆ ಇನ್ನೊಮ್ಮೆ ಇಳಿಸಿ. ಡಿಕಾಕ್ಷನ್ ಒಲೆ ಮೇಲೆ ಇಡಲೇಬೇಡಿ. ಹಾಲು ಮಾತ್ರ ಕುದಿಯಲಿ. ಆ ಕೆಲಸವನ್ನು ನಿಮ್ಮ ಯಜಮಾನರಿಗೆ ಅಥವಾ ಗೆಳೆಯರೊಬ್ಬರಿಗೆ ಪೂರ್ತಿ ವಹಿಸಿಬಿಡಿ. ನೀವು ಲೋಟ ಹಿಡಿದು ಕೂತಿರಿ.
– ಕಾಫಿ ಬೆಳೆಗಾರ, ಆಲ್ದೂರು

ನಾನು ಬೆಂಗಳೂರಿನಿಂದ ಬರುವ ಅತಿಥಿಗಳ ಪೈಕಿ. ಹೋದ ಸಲ ನಾವು ಬೆಳಿಗ್ಗೆಯೇ ಮುಳ್ಳಯ್ಯನಗಿರಿಗೆ ಹೋಗಿ ಹತ್ತಕ್ಕೆ ಇಳಿಯುತ್ತೇವೆ ಅಂದುಕೊಂಡೆವು. ರಜೆ ದಿನ ಬೆಟ್ಟದ ದಾರಿಯ ಕೈಮರದ ಹತ್ತಿರ ಗಾಡಿಗಳ ಸಾಲು ನೋಡಿದವರಿಗೆ ಗೊತ್ತು. ಗೆಳತಿ ಮನೆ ಮುಟ್ಟುವಾಗ ಒಂದು ಗಂಟೆ. ಅವರು ನಗುತ್ತಲೇ ಮತ್ತೆ ಒಲೆ ಹಚ್ಚಿದರು. ಆಗ ನಮಗೆ ಏನೂ ಅನಿಸಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಆ ಮುಖ ನೆನಪಾಗುತ್ತಿದೆ. ದಯವಿಟ್ಟು ಕರೆಯುವಾಗಲೇ ಕಡ್ಡಿ ಮುರಿದ ಹಾಗೆ ಹೇಳಿ: ಮೊದಲು ಮನೆ, ಆಮೇಲೆ ಬೆಟ್ಟ. ನಮಗೆ ಹಾಗೆ ಹೇಳುವವರು ಬೇಕು. ಆ ಗೆಳತಿಗೆ ನಿನ್ನೆ ರಾತ್ರಿಯೇ ಫೋನ್ ಮಾಡಿದೆ. ಈ ಸಲ ಒಂಬತ್ತೂವರೆಗೇ ಬರುತ್ತೇನೆ, ಕಾಯಿ ತುರಿಯುವುದು ನನ್ನ ಕೆಲಸ ಅಂತ ಹೇಳಿದ್ದೇನೆ.
– ಓದುಗ, ಬೆಂಗಳೂರು