ಹಳೆಯ ಸೋಲ್ ಆಲ್ಬಮ್‌ಗಳ ಹೊಸ ಮುದ್ರಣ: ಯಾವುದನ್ನು ತರಿಸಬೇಕು, ಮಲೆನಾಡಿನ ಮಳೆಯಲ್ಲಿ ಹೇಗೆ ಇಡಬೇಕು?

ಗಿರಿತಪ್ಪಲು (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೋಲ್ ಸಂಗೀತದ ಗಾಯಕರಾದ ಓಟಿಸ್ ರೆಡಿಂಗ್, ಅರೀಥಾ ಫ್ರಾಂಕ್ಲಿನ್, ಮಾರ್ವಿನ್ ಗೇ, ಆಲ್ ಗ್ರೀನ್ ಇವರ ಎಲ್‌ಪಿಗಳನ್ನ ಒಂದೊಂದಾಗಿ ತರಿಸೋ ಯೋಚನೆ ಇದೆ. ಹುಡುಕಿದ್ರೆ ಒಂದೇ ಆಲ್ಬಮ್ ಆರೇಳು ರೂಪದಲ್ಲಿ ಸಿಗುತ್ತೆ. ಮೋನೊ, ಸ್ಟೀರಿಯೊ, 180 ಗ್ರಾಂ, ಬಣ್ಣದ ವಿನೈಲ್, ಬೆಲೆನೂ ಎಲ್ಲೆಲ್ಲೋ ಇರುತ್ತೆ. ಯಾವುದನ್ನ ನಂಬೋದು? ಹೊಸದಾಗಿ ಏನು ಬರ್ತಿದೆ ಅಂತ ಸ್ಟಾಕ್ ಮುಗಿಯೋ ಮೊದಲೇ ತಿಳ್ಕೊಳ್ಳೋದು ಹೇಗೆ? ಇನ್ನು ನಮ್ಮೂರ ಮಳೆ ಗೊತ್ತಲ್ಲ, ಜೂನ್ ಬಂದ್ರೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು. ರೆಕಾರ್ಡುಗಳನ್ನ ಹೇಗೆ ಕಾಪಾಡೋದು? ಟರ್ನ್‌ಟೇಬಲ್‌ನಲ್ಲಿರೋದು ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್ (ಮುಳ್ಳು ಕೂರೋ ಭಾಗ).

ಹೇಮಾವತಿ_ಮೋನೊ (ಹಾಸನ):

ಮೊದಲು ನೋಡಬೇಕಾದ್ದು ಮೂಲ ಟೇಪು ಯಾರ ಕೈಯಲ್ಲಿದೆ ಅನ್ನೋದನ್ನ. ತೂಕ, ಬಣ್ಣ ಎಲ್ಲ ಆಮೇಲೆ.

ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಗೆ ಅಟ್ಲಾಂಟಿಕ್ ಜೊತೆ ವಿತರಣೆಯ ಒಪ್ಪಂದ ಇತ್ತು. 1968ರಲ್ಲಿ ಅದು ಮುರಿದಾಗ, ಅಲ್ಲಿಯವರೆಗೆ ಅಟ್ಲಾಂಟಿಕ್ ಹಂಚಿದ್ದ ಮಾಸ್ಟರ್‌ಗಳೆಲ್ಲ (ಮೂಲ ಟೇಪುಗಳು) ಅಟ್ಲಾಂಟಿಕ್‌ಗೇ ಸೇರಿದವು. ಹಾಗಾಗಿ ಸ್ಟ್ಯಾಕ್ಸ್‌ಗೆ ಹಾಡಿದ ಓಟಿಸ್ ರೆಡಿಂಗ್ ಇವತ್ತಿಗೂ ಅಟ್ಲಾಂಟಿಕ್‌ನ ಒಡೆಯರಾದ ವಾರ್ನರ್ ಕಡೆಯಿಂದ, ಅಂದ್ರೆ ರೈನೊ ಅಥವಾ ಅಟ್ಲಾಂಟಿಕ್ ಹೆಸರಿನಲ್ಲಿ ಬರಬೇಕು. ಅದರ ನಂತರದ ಸ್ಟ್ಯಾಕ್ಸ್, ಉದಾಹರಣೆಗೆ 1969ರ ಐಸಾಕ್ ಹೇಯ್ಸ್, ಕಾಂಕರ್ಡ್‌ನ ಕ್ರಾಫ್ಟ್ ರೆಕಾರ್ಡಿಂಗ್ಸ್‌ನಿಂದ ಬರುತ್ತೆ. ಮಾರ್ವಿನ್ ಗೇ ಮೋಟೌನ್‌ನವರು, ಅದು ಈಗ ಯೂನಿವರ್ಸಲ್‌ನದು. ಆಲ್ ಗ್ರೀನ್ ಅವರ ಹೈ ರೆಕಾರ್ಡ್ಸ್ ಆಲ್ಬಮ್‌ಗಳನ್ನ ವಿನೈಲ್‌ನಲ್ಲಿ ತರ್ತಿರೋದು ಫ್ಯಾಟ್ ಪಾಸಮ್. ಅರೀಥಾ ವಿಷಯದಲ್ಲಿ ಇಸವಿ ನೋಡಿ: 1967ರಿಂದ 1970ರ ದಶಕದ ಕೊನೆವರೆಗಿನದು ಅಟ್ಲಾಂಟಿಕ್, ಅದಕ್ಕೂ ಮುಂಚಿನ ಕೊಲಂಬಿಯಾ ದಿನಗಳದ್ದು ಸೋನಿ. ನಿಮಗೆ ಬೇಕಿರೋದು ಬಹುಶಃ ಮೊದಲನೆಯದೇ.

ಬೆಲೆ ತೀರಾ ಕಡಿಮೆ ಇದ್ದು, ಮೇಲಿನ ಯಾವ ಹೆಸರೂ ಇಲ್ಲದೆ, ಯೂರೋಪಿನ ಯಾವುದೋ ಲೇಬಲ್ (ರೆಕಾರ್ಡ್ ಕಂಪನಿ) 'ಬೋನಸ್ ಹಾಡುಗಳೊಂದಿಗೆ' ಅಂತ ಮಾರ್ತಿದ್ರೆ ಅನುಮಾನ ಪಡಿ. 1962ರ ಕೊನೆಯೊಳಗೆ ಬಿಡುಗಡೆಯಾದ ಧ್ವನಿಮುದ್ರಣಗಳಿಗೆ ಯೂರೋಪಿನಲ್ಲಿ ಹಕ್ಕು ಮುಗಿದಿದೆ. ರೇ ಚಾರ್ಲ್ಸ್, ಸ್ಯಾಮ್ ಕುಕ್ ಅವರ ಶುರುವಿನ ಹಾಡುಗಳನ್ನ ಯಾರು ಬೇಕಾದರೂ ಸಿಡಿಯಿಂದ ಎತ್ತಿ ಎಲ್‌ಪಿ ಒತ್ತಬಹುದು, ಧ್ವನಿಮುದ್ರಣದ ಹಕ್ಕಿನ ತೊಡಕಿಲ್ಲ. ಆದರೆ ಕೇಳೋಕೆ ಸಿಗೋದು ಸಿಡಿಯ ನಕಲು. ಮಾಸ್ಟರಿಂಗ್ (ಒತ್ತೋ ಮುಂಚಿನ ಕೊನೆಯ ಧ್ವನಿ ಹೊಂದಿಕೆ) ಯಾರು ಮಾಡಿದ್ರು, ಯಾವ ಟೇಪಿನಿಂದ ಮಾಡಿದ್ರು ಅನ್ನೋ ಒಂದು ಸಾಲೂ ಹಿಂಬದಿಯಲ್ಲಿ ಇಲ್ಲದಿದ್ರೆ ಬಿಟ್ಟುಬಿಡಿ. ರೆಕಾರ್ಡಿನ ನಡುವಿನ ಕಾಗದದ ಲೇಬಲ್ಲಿನ ಸುತ್ತ ಹಾಡಿಲ್ಲದ ನುಣುಪು ಜಾಗ ಇರುತ್ತಲ್ಲ, ಲ್ಯಾಕರ್ (ಅಚ್ಚಿಗೆ ಮೂಲವಾಗೋ ತಟ್ಟೆ) ಕೊರೆದವರು ಅಲ್ಲಿ ಗುರುತು ಗೀಚಿರ್ತಾರೆ. ಕೆವಿನ್ ಗ್ರೇ ಆದ್ರೆ ಕೆಪಿಜಿ ಅಂತ ಇರುತ್ತೆ. ಮಾರೋರ ಹತ್ರ ಆ ಜಾಗದ ಫೋಟೊ ಕೇಳೋದ್ರಲ್ಲಿ ತಪ್ಪೇನಿಲ್ಲ.

ಇನ್ನು ಮೋನೊ, ಅಂದ್ರೆ ಎಲ್ಲ ದನಿಯೂ ಒಂದೇ ಚಾನೆಲ್‌ನಲ್ಲಿ (ಸ್ಟೀರಿಯೊದಲ್ಲಿ ಎಡ ಬಲ ಬೇರೆ ಬೇರೆ). 1967ರವರೆಗಿನ ಸೋಲ್‌ಗೆ ನನ್ನ ಮತ ಮೋನೊಗೇ. ಆಗ ಹಾಡು ತಲುಪ್ತಿದ್ದುದು ಎಎಂ ರೇಡಿಯೊ ಮತ್ತು 45ರ ಸಿಂಗಲ್ (ನಿಮಿಷಕ್ಕೆ 45 ಸುತ್ತಿನ ಸಣ್ಣ ರೆಕಾರ್ಡ್) ಮೂಲಕ, ಹಾಗಾಗಿ ಎಂಜಿನಿಯರ್‌ಗಳ ಗಮನವೆಲ್ಲ ಮೋನೊ ಮಿಕ್ಸ್ (ದನಿ, ವಾದ್ಯ ಬೆರೆಸಿದ ರೂಪ) ಮೇಲಿರ್ತಿತ್ತು. ಡ್ರಮ್ಮು, ಬಾಸು, ದನಿ ಮೂರೂ ಒಂದೇ ಕಡೆಯಿಂದ ಗುದ್ದಿದ ಹಾಗೆ ಬರಬೇಕು. ಆ ಕಾಲದ ಸ್ಟೀರಿಯೊದಲ್ಲಿ ದನಿ ಒಂದು ಮೂಲೆಗೆ, ಹಾರ್ನ್‌ಗಳು ಇನ್ನೊಂದು ಮೂಲೆಗೆ ಹೋಗಿರೋದು ಸಾಮಾನ್ಯ. ಓಟಿಸ್ ಬ್ಲೂ (1965) ಆಲ್ಬಮ್‌ನಲ್ಲಂತೂ ಎರಡಕ್ಕೂ ಹಾಡೇ ಬೇರೆ: 'ಐವ್ ಬೀನ್ ಲವಿಂಗ್ ಯೂ ಟೂ ಲಾಂಗ್' ಮೋನೊ ಎಲ್‌ಪಿಯಲ್ಲಿ ಮೂಲ ಸಿಂಗಲ್, ಸ್ಟೀರಿಯೊ ಎಲ್‌ಪಿಯಲ್ಲಿ ಅದಕ್ಕಂತಲೇ ಮತ್ತೆ ಹಾಡಿಸಿದ್ದು. ಅದೊಂದು ಆಲ್ಬಮ್‌ನ ಎರಡೂ ರೂಪ ಇಟ್ಕೊಂಡ್ರೂ ದುಡ್ಡು ದಂಡ ಅಲ್ಲ.

1970ರ ದಶಕಕ್ಕೆ ಬಂದ್ರೆ ಸ್ಟೀರಿಯೊನೇ ಸರಿ. ಮಾರ್ವಿನ್ ಗೇ ಅವರ ವಾಟ್ಸ್ ಗೋಯಿಂಗ್ ಆನ್ (1971) ತಗೊಳ್ಳುವಾಗ 'ಡೆಟ್ರಾಯಿಟ್ ಮಿಕ್ಸ್' ಅಂತ ಬರೆದಿದ್ಯಾ ನೋಡಿ. ಅದು ಲಾಸ್ ಏಂಜಲೀಸ್‌ನಲ್ಲಿ ಮರು ಮಿಕ್ಸ್ ಆಗೋ ಮುಂಚಿನ ರೂಪ, ಮೊದಲು ಹೊರಬಂದದ್ದೇ 2001ರ ಡಿಲಕ್ಸ್ ಆವೃತ್ತಿಯಲ್ಲಿ. ಚೆನ್ನಾಗಿದೆ, ಆದರೆ ಮೊದಲ ಪ್ರತಿಯಾಗಿ ಬೇಡ.

180 ಗ್ರಾಂ ಅನ್ನೋದು ಪ್ಲಾಸ್ಟಿಕ್ಕಿನ ತೂಕ ಅಷ್ಟೇ. 140 ಗ್ರಾಂನಲ್ಲಿ ಚೆನ್ನಾಗಿ ಕೊರೆದದ್ದು, 180ರಲ್ಲಿ ಕೆಟ್ಟದಾಗಿ ಕೊರೆದದ್ದಕ್ಕಿಂತ ಎಷ್ಟೋ ಮೇಲು.

ಬಾಬಾಬುಡನ್_45 (ಚಿಕ್ಕಮಗಳೂರು):

ಸುದ್ದಿ ವಿಷಯ ನಾನು ಹೇಳ್ತೀನಿ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಬಿಡುಗಡೆಯ ದಿನ ಶುಕ್ರವಾರ. ಆದರೆ ಮರುಮುದ್ರಣಗಳ ಘೋಷಣೆ ವಾರಗಟ್ಟಲೆ ಮೊದಲೇ ಆಗಿರುತ್ತೆ, ಸೀಮಿತ ಪ್ರತಿಗಳು ಮುಂಗಡದಲ್ಲೇ ಖಾಲಿ. ರೈನೊ, ಕ್ರಾಫ್ಟ್, ಲಂಡನ್ನಿನ ಏಸ್ (ಸೋಲ್‌ಗೆ ಇವರ ಕೆಂಟ್ ಲೇಬಲ್), ಷಿಕಾಗೋದ ನ್ಯೂಮೆರೊ ಗ್ರೂಪ್, ಈ ನಾಲ್ಕು ಕಂಪನಿಗಳ ಇಮೇಲ್ ಪಟ್ಟಿಗೆ ಸೇರಿ. ಡಿಸ್ಕಾಗ್ಸ್‌ನಲ್ಲಿ (ರೆಕಾರ್ಡ್ ಮಾಹಿತಿ ಮತ್ತು ಮಾರಾಟದ ಜಾಲತಾಣ) ಬೇಕಾದ ಮುದ್ರಣವನ್ನ ಅದರ ಕ್ಯಾಟಲಾಗ್ ಸಂಖ್ಯೆ ನೋಡಿಯೇ ವಾಂಟ್‌ಲಿಸ್ಟ್‌ಗೆ (ಬೇಕಾದವುಗಳ ಪಟ್ಟಿ) ಹಾಕಿ. ಬರೀ ಆಲ್ಬಮ್ ಹೆಸರಿಗೆ ಹಾಕಿದ್ರೆ ಎಲ್ಲಾ ಮುದ್ರಣದ ಸೂಚನೆಯೂ ಬಂದು ತಲೆ ಕೆಡುತ್ತೆ. ಏಪ್ರಿಲ್ ಮೂರನೇ ಶನಿವಾರದ ಆಸುಪಾಸಿನ ರೆಕಾರ್ಡ್ ಸ್ಟೋರ್ ಡೇ (ರೆಕಾರ್ಡ್ ಅಂಗಡಿಗಳ ಹಬ್ಬದ ದಿನ) ಪಟ್ಟಿಯಲ್ಲೂ, ನವೆಂಬರ್‌ನ ಬ್ಲ್ಯಾಕ್ ಫ್ರೈಡೇ ಪಟ್ಟಿಯಲ್ಲೂ ಸೋಲ್ ಇದ್ದೇ ಇರುತ್ತೆ.

ಡಿಸೆಂಬರ್ ಕೊನೆಯ ಮೇಲೂ ಒಂದು ಕಣ್ಣಿಡಿ. ಯೂರೋಪಿನಲ್ಲಿ ಧ್ವನಿಮುದ್ರಣದ ಹಕ್ಕು 50ರಿಂದ 70 ವರ್ಷಕ್ಕೆ ಏರಿತು, ಆದರೆ 50 ವರ್ಷದೊಳಗೆ ಹೊರಗೇ ಬರದ ಧ್ವನಿಮುದ್ರಣಕ್ಕೆ ಆ ವಿಸ್ತರಣೆ ಸಿಗಲ್ಲ, ಗಡುವು ಮುಗಿಯೋದು ವರ್ಷದ ಕೊನೆಗೆ. ಅದಕ್ಕೇ ಮೋಟೌನ್ ತನ್ನ ಕಪಾಟಿನಲ್ಲಿ ಕೊಳೀತಿದ್ದ 1960ರ ದಶಕದ ಹಾಡುಗಳನ್ನ 'ಮೋಟೌನ್ ಅನ್‌ರಿಲೀಸ್ಡ್' ಅನ್ನೋ ಹೆಸರಲ್ಲಿ ವರ್ಷಕ್ಕೊಂದು ಕಂತಾಗಿ, ಹೆಚ್ಚು ಸದ್ದಿಲ್ಲದೆ ಡಿಜಿಟಲ್‌ನಲ್ಲಿ ಬಿಟ್ಟಿತು. ಎಲ್‌ಪಿಗೆ ಕಾಯೋರು ಈ ನಿಧಿಯನ್ನ ಕೇಳದೇ ಉಳಿದುಬಿಡ್ತಾರೆ. ಅದೇ ಹಸಿವಿನವರಿಗೆ ಕ್ರಾಫ್ಟ್ 2023ರಲ್ಲಿ ತಂದ ಸ್ಟ್ಯಾಕ್ಸ್ ಗೀತರಚನಕಾರರ ಡೆಮೊ ಸಂಗ್ರಹ ಇದೆ: 7 ಸಿಡಿ, 146 ಹಾಡು, ಬಹುಪಾಲು ಅಲ್ಲಿಯವರೆಗೆ ಯಾರೂ ಕೇಳಿರದವು. 2024ರ ಗ್ರ್ಯಾಮಿಯಲ್ಲಿ ಅತ್ಯುತ್ತಮ ಐತಿಹಾಸಿಕ ಆಲ್ಬಮ್ ಆಯ್ತು. ಹಾಡು ಸ್ಟುಡಿಯೊದಲ್ಲಿ ಅರಳೋ ಮೊದಲು ಬರೀ ಒಂದು ಗಿಟಾರು, ಒಂದು ಗಂಟಲಿನಲ್ಲಿ ಹೇಗಿತ್ತು ಅಂತ ಅದರಲ್ಲಿ ತಿಳಿಯುತ್ತೆ.

ಹೊಸಬರ ಸೋಲ್ ಬೇಕಂದ್ರೆ ಡ್ಯಾಪ್ಟೋನ್, ಕೋಲ್‌ಮೈನ್, ಬಿಗ್ ಕ್ರೌನ್ ಲೇಬಲ್‌ಗಳನ್ನ ನೋಡಿ.

ತರಿಸುವಾಗ ಒಂದೊಂದೇ ಬೇಡ, ಮೂರ್ನಾಲ್ಕು ಸೇರಿಸಿ. ಸಾಗಣೆ ವೆಚ್ಚ ಪ್ರತಿಗಳಿಗೆ ಹಂಚಿಹೋಗುತ್ತೆ. ಕಸ್ಟಮ್ಸ್ ಸುಂಕ ಲೆಕ್ಕ ಹಾಕೋದು ಬರೀ ರೆಕಾರ್ಡಿನ ಬೆಲೆ ಮೇಲಲ್ಲ, ಸಾಗಣೆ ಮತ್ತು ವಿಮೆಯೂ ಸೇರಿ, ಅದನ್ನ ಮೊದಲೇ ಕೂಡಿಸಿಕೊಳ್ಳಿ. ಕೊರಿಯರ್‌ನವರು ಕೆವೈಸಿ ದಾಖಲೆ ಕೇಳ್ತಾರೆ. ಸೀಲ್ ಆಗಿರದ ಪ್ರತಿಯಾದ್ರೆ, ರೆಕಾರ್ಡನ್ನ ಕವರ್‌ನಿಂದ ಹೊರತೆಗೆದು ಅದರ ಹಿಂದೆ ಇಟ್ಟು ಕಳಿಸಲು ಹೇಳಿ. ಒಳಗೇ ಇದ್ರೆ ದಾರಿಯ ಕುಲುಕಾಟಕ್ಕೆ ಅಂಚು ತಾಗಿ ಕವರಿನ ಅಂಟಿಸಿದ ಅಂಚು ಸೀಳುತ್ತೆ.

ತೇವ_ಬೇಡ (ಸಕಲೇಶಪುರ):

ಮಳೆಗಾಲಕ್ಕೆ ಬರ್ತೀನಿ. ಸಣ್ಣ ತೇವಾಂಶ ಮಾಪಕ ತಗೊಂಡು ಬೀರುವಿನೊಳಗೆ ಇಡಿ. 45ರಿಂದ 55 ಶೇಕಡಾ ಒಳ್ಳೇದು. 65 ದಾಟಿ ದಿನಗಟ್ಟಲೆ ನಿಂತ್ರೆ ಬೂಷ್ಟು ಹಿಡಿಯುತ್ತೆ. ವಿನೈಲ್ ಅದಕ್ಕೆ ಆಹಾರ ಅಲ್ಲ, ಆಹಾರ ಅಂದ್ರೆ ಕಾಗದದ ಒಳಕವರು, ಬೆರಳಿನ ಜಿಡ್ಡು, ಧೂಳು. ಹಾಗಾಗಿ ಮೊದಲ ಕೆಲಸ ಕಾಗದದ ಒಳಕವರು ತೆಗೆದು ಎಚ್‌ಡಿಪಿಇ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆಯ ಕವರಿಗೆ ಬದಲಾಯಿಸೋದು. ಹೊರಕವರು ಪಾಲಿಪ್ರೊಪಿಲೀನ್ ಇರಲಿ. ದಪ್ಪ ಪಿವಿಸಿ ಕವರು ಬೇಡ, ಅದರ ಮೆದುಗೊಳಿಸುವ ಎಣ್ಣೆಯಂಶ ಕಾಲಕ್ರಮೇಣ ಹೊರಬಂದು ರೆಕಾರ್ಡಿನ ಮೇಲೆ ಮಂಜಿನಂಥ ಕಲೆ ಕೂರಿಸುತ್ತೆ, ತೊಳೆದ್ರೂ ಹೋಗಲ್ಲ.

ಬೀರುವಿಗೆ ಅರ್ಧ ಕೆಜಿಯಷ್ಟು ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿ ಕಟ್ಟಿಡಿ, ಬಾಗಿಲ ಸಂದಿಗೆ ಫೋಮ್ ಪಟ್ಟಿ ಅಂಟಿಸಿ. ಸಂದಿ ಇದ್ರೆ ಜೆಲ್ ಊರಿನ ಗಾಳಿಯನ್ನೆಲ್ಲ ಒಣಗಿಸೋಕೆ ಹೋಗಿ ಸೋಲುತ್ತೆ. ಹಸಿರಾದಾಗ ಚೀಲದಿಂದ ತೆಗೆದು ತಟ್ಟೆಗೆ ಹರವಿ, ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಎರಡು ಗಂಟೆ ಇಟ್ರೆ ಮತ್ತೆ ಕಿತ್ತಳೆ. ನಮ್ಮ ಕಡೆ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸೋ ರೂಢಿ ಇದೆ, ರೆಕಾರ್ಡಿಗೆ ಅದು ಬೇಡವೇ ಬೇಡ. ಒಂದೇ ಕಡೆ ಬಿಸಿಯಾಗಿ ಡೊಂಕಾಗುತ್ತೆ. ನುಸಿಗುಳಿಗೆಯಿಂದಲೂ ಬೂಷ್ಟು ನಿಲ್ಲಲ್ಲ. ನೆಟ್ಟಗೆ ನಿಲ್ಲಿಸಿ, ಓರೆಯಾಗಿ ಒರಗಿಸಬೇಡಿ. ಹೊರಗೋಡೆಗೆ ತಾಗಿಸಿಟ್ರೆ ಗೋಡೆಯ ಥಂಡಿ ನೇರ ಕವರಿಗೆ ಇಳಿಯುತ್ತೆ, ನಾಲ್ಕು ಬೆರಳು ಜಾಗ ಬಿಡಿ.

ಬೂಷ್ಟು ಬಂದಾಗಿದ್ರೆ: 800 ಮಿಲಿ ಡಿಸ್ಟಿಲ್ಡ್ ನೀರು, 200 ಮಿಲಿ 99 ಶೇಕಡಾ ಐಸೊಪ್ರೊಪಿಲ್ ಆಲ್ಕೊಹಾಲ್, ಫಿಲ್ಮ್ ತೊಳೆಯೋಕೆ ಬಳಸೋ ಫೋಟೊ-ಫ್ಲೋ ನಾಲ್ಕೈದು ಹನಿ. ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಮಾಡಿ, ಬೀಜಕಣ ಮನೆಯೊಳಗೆ ಹಾರಬಾರದು. ಹಾಡಿನ ಗೀರು (ಗ್ರೂವ್) ಸಾಗೋ ದಿಕ್ಕಿನಲ್ಲೇ ಮೆತ್ತಗಿನ ಬ್ರಷ್ ಆಡಿಸಿ, ಎರಡು ನಿಮಿಷ ನೆನೆಯಲಿ, ಬರೀ ಡಿಸ್ಟಿಲ್ಡ್ ನೀರಲ್ಲಿ ಮತ್ತೆ ತೊಳೆದು ನೆರಳಲ್ಲಿ ನಿಲ್ಲಿಸಿ ಪೂರ್ತಿ ಒಣಗಿಸಿ. ಅಜ್ಜನ ಕಾಲದ 78ರ ಅರಗಿನ ತಟ್ಟೆಗೆ ಈ ದ್ರಾವಣ ತಾಗಿಸಲೇಬೇಡಿ, ಆಲ್ಕೊಹಾಲ್ ಅರಗನ್ನ ಕರಗಿಸುತ್ತೆ.

ಗಿರಿತಪ್ಪಲು:

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಎರಡು ಪುಟ್ಟ ಪ್ರಶ್ನೆ. ಬೋರ್ ನೀರು ಕುದಿಸಿ ಆರಿಸಿ ಬಳಸಬಹುದಾ? ಮೋನೊ ಎಲ್‌ಪಿಗೆ ಬೇರೆ ಕಾರ್ಟ್ರಿಡ್ಜ್ ಬೇಕಾ?

ತೇವ_ಬೇಡ:

ಬೋರ್ ನೀರು ಬೇಡ. ಕುದಿಸಿದ್ರೂ ಲವಣ ಪೂರ್ತಿ ಹೋಗಲ್ಲ, ಒಣಗಿದ ಮೇಲೆ ಗೀರಿನೊಳಗೇ ಕೂತು ಚಟಚಟ ಅನ್ನುತ್ತೆ. ಔಷಧಿ ಅಂಗಡಿಯಲ್ಲೋ ಲ್ಯಾಬ್ ಸಾಮಾನಿನ ಅಂಗಡಿಯಲ್ಲೋ ಡಿಸ್ಟಿಲ್ಡ್ ನೀರು ಕೇಳಿ.

ಹೇಮಾವತಿ_ಮೋನೊ:

ಹೊಸ ಮೋನೊ ಮುದ್ರಣಕ್ಕೆ ನಿಮ್ಮ ವಿಎಂ95ಇ ಸಾಕು. ಮುಳ್ಳು (ಸ್ಟೈಲಸ್) ರೆಕಾರ್ಡನ್ನ ಒತ್ತೋ ಭಾರ 2.0 ಗ್ರಾಂಗೆ ಹೊಂದಿಸಿ (1.8ರಿಂದ 2.2ರೊಳಗೆ ಇರಬೇಕು). ತೂಕ ಕಡಿಮೆ ಮಾಡಿದ್ರೆ ರೆಕಾರ್ಡ್ ಉಳಿಯುತ್ತೆ ಅನ್ನೋ ನಂಬಿಕೆ ಇದೆ, ಆದರೆ ಹಗುರವಾದ ಮುಳ್ಳು ಗೀರಿನಲ್ಲಿ ಎಗರಾಡಿ ಗೋಡೆಯನ್ನ ಇನ್ನೂ ಹೆಚ್ಚು ಕೆಡಿಸುತ್ತೆ. ಆಂಪ್ಲಿಫೈಯರ್‌ನಲ್ಲಿ ಮೋನೊ ಸ್ವಿಚ್ ಇದ್ರೆ ಒತ್ತಿ. ಮೋನೊ ಗೀರಿನಲ್ಲಿ ಸಂಗೀತ ಇರೋದು ಅಡ್ಡ ಚಲನೆಯಲ್ಲಿ ಮಾತ್ರ, ಎಡ ಬಲ ಕೂಡಿಸಿದಾಗ ಮೇಲೆ ಕೆಳಗಿನ ಚಲನೆಯಿಂದ ಬರೋ ಚಟಪಟ ರದ್ದಾಗುತ್ತೆ. ಮುಂದೆ ಅದೇ ಕಾರ್ಟ್ರಿಡ್ಜಿಗೆ ವಿಎಂಎನ್95ಎಂಎಲ್ ಮುಳ್ಳು ಹಾಕಿದ್ರೆ ಪ್ರತಿ ಬದಿಯ ಕೊನೆಯ ಹಾಡಿನಲ್ಲಿ 'ಸ' ಕಾರ ಒಡೆಯೋದು ಕಡಿಮೆಯಾಗುತ್ತೆ.

ಅಮೆರಿಕದ 45ರ ಸಿಂಗಲ್ ತರಿಸೋದಾದ್ರೆ ನಡುವಿನ ದೊಡ್ಡ ತೂತಿಗೆ ಅಡಾಪ್ಟರ್ ಬೇಕು. 1960ರ ದಶಕದವುಗಳಲ್ಲಿ ಹಲವು ವಿನೈಲ್ ಅಲ್ಲ, ಪಾಲಿಸ್ಟೈರೀನ್. ಸವೆದ ಮುಳ್ಳು ಇಟ್ರೆ ಅವು ಬಹಳ ಬೇಗ ಬುಸುಗುಟ್ಟೋಕೆ ಶುರು ಮಾಡ್ತವೆ.