ಬೆಂಕಿ ಬಿದ್ದಾಗ ಜನ ಏನು ಮಾಡ್ತಾರೆ ಅಂತ ಅಳೆಯೋದು ಹೇಗೆ?

ಪ್ರಶ್ನೆ – ಎಂಟೆಕ್_ಫೈರ್‌ಸೇಫ್ಟಿ
ಹತ್ತು ಮಹಡಿಯ ಆಫೀಸಲ್ಲಿ ಮಾಕ್ ಡ್ರಿಲ್ ಮಾಡಿಸಿ, ಅಲಾರಾಂ ಹೊಡೆದ ಮೇಲೆ ಜನ ಜಾಗ ಬಿಟ್ಟು ಏಳೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯೋ ಯೋಚನೆ ಇದೆ. ನಿಜವಾದ ಬೆಂಕಿಗೆ ಈ ಲೆಕ್ಕ ನಡೆಯಲ್ಲ ಅಂತಾರೆ ಗೈಡ್. ಬದುಕುಳಿದವರ ಸಂದರ್ಶನವನ್ನೂ ಸೇರಿಸಿದರೆ ಸಾಕಾ?

ಮೆಟ್ಟಿಲುಬಾಗಿಲು
ಗೈಡ್ ಹೇಳಿದ್ದು ಸರಿ. ಮೆಟ್ಟಿಲಿಳಿಯೋ ವೇಗ, ಬಾಗಿಲಲ್ಲಿ ನಿಮಿಷಕ್ಕೆ ಎಷ್ಟು ಜನ ದಾಟ್ತಾರೆ, ಇಷ್ಟು ಡ್ರಿಲ್‌ನಲ್ಲಿ ಸಿಗುತ್ತೆ, ಅದೂ ಹೊಗೆ ಇಲ್ಲದಾಗಿನ ವೇಗ. ಹೊರಡೋ ನಿರ್ಧಾರ ಸಿಗಲ್ಲ. ಹಿಂದಿನ ದಿನವೇ ಎಚ್‌ಆರ್ ಮೇಲ್ ಬಂದಿದ್ದರೆ ಜನ ಬ್ಯಾಗ್ ಹೆಗಲಿಗೆ ಹಾಕ್ಕೊಂಡೇ ಕೂತಿರ್ತಾರೆ!

ಮೆಟ್ಟಿಲ ಬಾಗಿಲಲ್ಲಿ ಮಾತ್ರ ಕ್ಯಾಮೆರಾ ಇಟ್ಟರೆ ತಲುಪಿದ ಹೊತ್ತು ಗೊತ್ತಾಗುತ್ತೆ, ಎದ್ದ ಹೊತ್ತಲ್ಲ. ಮೇಜುಗಳು ಕಾಣೋ ಹಾಗೂ ಒಂದಿಡಿ. ತಲೆ ಎತ್ತಿದ್ದು, ಪಕ್ಕದವರನ್ನ ಕೇಳಿದ್ದು, ಫೋನ್, ಲ್ಯಾಪ್‌ಟಾಪ್ ಮುಚ್ಚಿದ್ದು, ಕುರ್ಚಿ ಬಿಟ್ಟಿದ್ದು, ಒಂದೊಂದಕ್ಕೂ ಸೆಕೆಂಡ್ ಬರೀರಿ. ಒಂದೇ ವಿಡಿಯೋನ ಇಬ್ಬರು ಬೇರೆಬೇರೆ ಕೂತು ಗುರುತಿಸಿ, ಆಮೇಲೆ ತಾಳೆ ನೋಡಬೇಕು. ಸಿಸಿಟಿವಿ ಗಡಿಯಾರಗಳು ಒಂದಕ್ಕೊಂದು ಹೊಂದಲ್ಲ. ಸೆಕೆಂಡ್ ಕಾಣೋ ಒಂದೇ ಫೋನನ್ನ ಎಲ್ಲ ಕ್ಯಾಮೆರಾಗೂ ತೋರಿಸಿಕೊಂಡು ಬನ್ನಿ. ಸಿಸಿಟಿವಿ ರೆಕಾರ್ಡ್ ಮಾಡೋ ಡಿವಿಆರ್ ಪೆಟ್ಟಿಗೆ ಹಳೇದನ್ನ ಅಳಿಸಿಬಿಡುತ್ತೆ, ಅವತ್ತೇ ಕಾಪಿ ಮಾಡ್ಕೊಳ್ಳಿ.

ಹೊಗೆಲೆಕ್ಕ
ಸಂದರ್ಶನದ ದೊಡ್ಡ ತೊಡಕು: ಹೇಳೋಕೆ ಉಳಿದಿರೋದು ಆಚೆ ಬಂದವರು ಮಾತ್ರ. ಸತ್ತವರು ಯಾವ ದಾರಿ ಹಿಡಿದಿದ್ದರು ಅನ್ನೋದು ಆ ಮಾತುಗಳಲ್ಲಿ ಇರಲ್ಲ. ಹೊತ್ತಿನ ಅಂದಾಜನ್ನಂತೂ ನಂಬಲೇಬೇಡಿ. ‘ಎಷ್ಟು ನಿಮಿಷ ಆಯ್ತು’ ಬದಲು ‘ಮೊದಲು ಏನು ಕೇಳಿಸ್ತು, ಆಮೇಲೆ ಏನು ಮಾಡಿದ್ರಿ, ಪಕ್ಕದಲ್ಲಿ ಯಾರಿದ್ರು’ ಅಂತ ಕ್ರಮವಾಗಿ ಕೇಳಿ. ‘ಗಾಬರಿ ಆಯ್ತಾ’ ಅಂದ್ರೆ ಎಲ್ಲರೂ ಹೌದು ಅಂತಾರೆ, ಅದರಿಂದ ಏನೂ ತಿಳಿಯಲ್ಲ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು, ಕೆಲವರು ಕಿಟಕಿಯಿಂದ ಹಾರಿದ್ದರು. ಹೊರಗಿಂದ ನೋಡಿದವರಿಗೆ ಅದು ಗಾಬರಿ. ಮೆಟ್ಟಿಲಲ್ಲಿ ಹೊಗೆ ತುಂಬಿ, ಉಸಿರಾಡೋಕೆ ಕಿಟಕಿ ಒಂದೇ ಉಳಿದವರಿಗೆ ಅದು ಲೆಕ್ಕ ಹಾಕಿದ ನಿರ್ಧಾರ.

ನಿಜ ಬೆಂಕಿಯ ವಿಡಿಯೋ ಅಪರೂಪ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ 100 ಜನ ಸತ್ತಾಗ ಒಳಗೆ ಟಿವಿ ಕ್ಯಾಮೆರಾಮನ್ ಒಬ್ಬರಿದ್ದರು. ಬೆಂಕಿ ಹತ್ತಿ ಎರಡು ನಿಮಿಷ ತುಂಬೋದರೊಳಗೇ ಮುಖ್ಯ ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿತ್ತು. ಆದರೂ ಅದು ಒಂದೇ ಕೋನದ ನೋಟ.

ಎಂಟೆಕ್_ಫೈರ್‌ಸೇಫ್ಟಿ
ಹೇಳದೆ ಕೇಳದೆ ಕೃತಕ ಹೊಗೆ ಬಿಟ್ಟರೆ?

ಮೆಟ್ಟಿಲುಬಾಗಿಲು
ಎಥಿಕ್ಸ್ ಕಮಿಟಿ ದಾಟಲ್ಲ. 1968ರಲ್ಲಿ ಲಟಾನೆ ಮತ್ತು ಡಾರ್ಲಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಹಾಗೇ ಮಾಡಿದ್ದರು. ಕೋಣೆಯಲ್ಲಿ ಒಬ್ಬರೇ ಇದ್ದಾಗ 75% ಜನ ಹೊಗೆ ವಿಷಯ ಹೋಗಿ ತಿಳಿಸಿದರು. ಸುಮ್ಮನೆ ಕೂರೋಕೆ ಮೊದಲೇ ಹೇಳಿಟ್ಟ ಇಬ್ಬರು ಪಕ್ಕದಲ್ಲಿದ್ದಾಗ 10% ಮಾತ್ರ. ಅದಕ್ಕೇ ಯಾರು ಯಾರ ಪಕ್ಕ ಕೂತಿದ್ದರು ಅನ್ನೋದನ್ನೂ ದಾಖಲಿಸಿ.

ಅದರ ಬದಲು ಸುಳ್ಳು ಅಲಾರಾಂಗಳ ವಿಡಿಯೋ ಅನುಮತಿ ತಗೊಂಡು ಹುಡುಕಿ. ಡಿಟೆಕ್ಟರ್‌ಗೆ ಧೂಳು ಹೋಗಿ ಹೊಡೆದುಕೊಂಡಾಗ ಜನಕ್ಕೆ ಅದು ಸುಳ್ಳು ಅಂತ ಗೊತ್ತಿರಲ್ಲ. ಆ ವರ್ಷ ಅಂಥದ್ದು ಎಷ್ಟು ಸಲ ಆಗಿತ್ತು ಅಂತಲೂ ಅಲಾರಾಂ ಪ್ಯಾನೆಲ್‌ನ ದಾಖಲೆಯಿಂದ (ಲಾಗ್) ತೆಗೀರಿ, ಪದೇಪದೇ ಹೊಡೆದರೆ ಯಾರೂ ಕದಲಲ್ಲ. ಫಲಿತಾಂಶದಲ್ಲಿ ಬರೀ ಸರಾಸರಿ ಕೊಡಬೇಡಿ, ಕೊನೆಗೆ ಎದ್ದವರು ಎಷ್ಟು ಹೊತ್ತಿಗೆ ಎದ್ದರು ಅನ್ನೋದೂ ಬೇಕು.