ಸ್ಕೈರಿಮ್: ಯಾರನ್ನೂ ಕೊಲ್ಲದ ವೈದ್ಯೆ ವ್ಯಾಂಪೈರ್ ಆಗಿದ್ದಾಳೆ, ಮುಂದೇನು?

ಕತ್ತರಿಗುಪ್ಪೆ_ಕಾಜಿಟ್

ನಮಸ್ಕಾರ. ಸ್ಕೈರಿಮ್ ಗೇಮ್ ಆಡ್ತಿರೋದು ನಿಂಟೆಂಡೊ ಸ್ವಿಚ್‌ನಲ್ಲಿ, ಅದೂ ಹೆಚ್ಚಾಗಿ ಮೆಟ್ರೋ ಪರ್ಪಲ್ ಲೈನ್‌ನಲ್ಲಿ ಸೀಟು ಸಿಕ್ಕಾಗ. ಹಾಗಾಗಿ ಮಾಡ್ ಹಾಕಿ, ಕಮಾಂಡ್ ಹೊಡೀರಿ ಅನ್ನೋ ಸಲಹೆ ಬೇಡ. ಹಳೇ ಸೇವ್ ಲೋಡ್ ಮಾಡಿ ಅಂತಲೂ ಹೇಳ್ಬೇಡಿ. ಆಗಿದ್ದು ಆಗಿದೆ, ಕಥೆ ಅಲ್ಲಿಂದಲೇ ಮುಂದುವರೀಬೇಕು.

ಪಾತ್ರದ ಹೆಸರು ಇಳಾ. ಬ್ರೆಟನ್ ಜನಾಂಗ, ಪ್ರೀತಿಯ ದೇವತೆ ಮಾರಾಳ ಭಕ್ತೆ, ಊರೂರು ಸುತ್ತೋ ವೈದ್ಯೆ. ಲೆವೆಲ್ 15. ರೆಸ್ಟೊರೇಷನ್ (ವಾಸಿ ಮಾಡೋ ಮಂತ್ರವಿದ್ಯೆ) 62, ಆಲ್ಕೆಮಿ (ಔಷಧಿ ತಯಾರಿ) 48, ಆಲ್ಟರೇಷನ್ 35, ಸ್ನೀಕ್ 33, ಸ್ಪೀಚ್ 26. ಇಲ್ಯೂಷನ್ (ಮನಸ್ಸನ್ನ ಆಡಿಸೋ ಮಂತ್ರವಿದ್ಯೆ) ಮುಟ್ಟೇ ಇಲ್ಲ, ಬ್ರೆಟನ್‌ಗೆ ಹುಟ್ಟಾ ಬರೋ 20 ಹಾಗೇ ಇದೆ. 14 ಪರ್ಕ್‌ನಲ್ಲಿ (ಲೆವೆಲ್‌ಗೊಂದು ಸಿಗೋ ವಿಶೇಷ ಸಾಮರ್ಥ್ಯ) 2 ಖರ್ಚಾಗದೆ ಉಳಿದಿವೆ. ರೆಸ್ಟೊರೇಷನ್‌ನಲ್ಲಿ ರೀಜನರೇಷನ್ ಪರ್ಕ್ ತಗೊಂಡಾಗಿದೆ.

ಅವಳ ನಿಯಮ ಒಂದೇ: ಮಾತಾಡೋ ಜೀವ ಯಾವುದನ್ನೂ ಕೊಲ್ಲಲ್ಲ. ಡ್ರಾಗರ್ (ಎದ್ದು ಓಡಾಡೋ ಹೆಣ), ಅಸ್ಥಿಪಂಜರ ಕೊಂದ್ರೆ ನಡೆಯುತ್ತೆ. ಈಗ ವ್ಯಾಂಪೈರ್ ಮಾಡೋ ಕಾಯಿಲೆ ಸಾಂಗ್ವಿನೇರ್ ವ್ಯಾಂಪಿರಿಸ್ ಅಂಟಿ ಮೂರು ದಿನ ದಾಟಿ ಪೂರ್ತಿ ವ್ಯಾಂಪೈರ್ ಆಗಿದ್ದಾಳೆ. ವಾಸಿ ಮಾಡೋದು ಹೇಗೆ? ವಾಸಿ ಮಾಡದೆ ಬಿಟ್ಟರೆ ಇಷ್ಟು ದಿನ ಬೆಳೆಸಿದ ರೆಸ್ಟೊರೇಷನ್ ದಂಡವಾ? ಅದಕ್ಕಿಂತ ಮುಖ್ಯ, ನಿನ್ನೆವರೆಗೂ ವೈದ್ಯೆ, ಇವತ್ತು ರಾಕ್ಷಸಿ ಅಂತ ಎರಡು ಬೇರೆ ಪಾತ್ರ ಆಗಿಬಿಡಬಾರದು.

---

ದೋಸೆಬಾರ್ನ್

ಮೊದಲು ವಾಸಿ ವಿಷಯ. 72 ಗೇಮ್ ಗಂಟೆ ಒಳಗಿದ್ದಿದ್ರೆ ಸುಲಭ ಇತ್ತು. ಯಾವುದಾದರೂ ಗುಡಿಯ ಪೀಠ ಮುಟ್ಟಿದ್ರೆ ಸಾಕು, ಇಲ್ಲಾ ಕ್ಯೂರ್ ಡಿಸೀಸ್ ಔಷಧಿ. ಆಲ್ಕೆಮಿ 48 ಇರೋ ವೈದ್ಯೆಗೆ ಗಿಡುಗನ ಗರಿ, ಮಡ್‌ಕ್ರ್ಯಾಬ್ ಚಿಪ್ಪು ಎರಡು ಸೇರಿಸಿ ಕುದಿಸಿದ್ರೆ ಆಯ್ತು. ಮುಂದೆ ಇನ್ನೊಂದು ಪಾತ್ರ ಆಡೋರಿಗೆ ಒಂದು ಲೆಕ್ಕ: ಆಟದ ಗಡಿಯಾರ ನಮ್ಮದಕ್ಕಿಂತ 20 ಪಟ್ಟು ಜೋರು, ಅಂದರೆ 72 ಗಂಟೆ ಅಂದ್ರೆ ನಿಜದ 3 ಗಂಟೆ 36 ನಿಮಿಷ. ನಿದ್ದೆ, ವೇಟ್, ಫಾಸ್ಟ್ ಟ್ರಾವೆಲ್ ಮೂರೂ ಅದರಲ್ಲೇ ಸೇರುತ್ತೆ. ಹೆಚ್ಚಿನವರಿಗೆ ಕೈ ಕೊಡೋದು ಫಾಸ್ಟ್ ಟ್ರಾವೆಲ್. ಎರಡು ಊರು ಹಾರಿದ್ರೆ ದಿನವೇ ಹೋಗಿರುತ್ತೆ.

ಈಗ ಉಳಿದಿರೋದು ಮೊರ್ಥಲ್ ಊರಿನ ಮಂತ್ರವಾದಿ ಫಾಲಿಯನ್. ಯಾವುದಾದರೂ ಇನ್ (ಹೋಟೆಲ್) ಮಾಲೀಕರ ಹತ್ತಿರ ಸುದ್ದಿ ಏನು ಅಂತ ಕೇಳಿ, ಅವನ ಹೆಸರು ಬರುತ್ತೆ. ತುಂಬಿದ ಬ್ಲ್ಯಾಕ್ ಸೋಲ್ ಜೆಮ್ (ಆತ್ಮ ಹಿಡಿದಿಡೋ ಹರಳು) ಒಂದು ಕೊಟ್ಟರೆ ಬೆಳಗಿನ ಜಾವ ಜೌಗಿನಲ್ಲಿರೋ ಕಲ್ಲಿನ ವೃತ್ತದ ಹತ್ತಿರ ವಿಧಿ ಮಾಡ್ತಾನೆ. ಖಾಲಿ ಜೆಮ್ ಅವನೇ ಮಾರ್ತಾನೆ.

ಗಂಟು ಇರೋದು ಇಲ್ಲೇ. ಬ್ಲ್ಯಾಕ್ ಜೆಮ್ ತುಂಬೋದು ಮಾತಾಡೋ ಜೀವದ ಆತ್ಮದಿಂದ ಮಾತ್ರ. ಸೋಲ್ ಟ್ರ್ಯಾಪ್ ಹಾಕಿ ಒಬ್ಬನನ್ನ ಕೊಲ್ಲಬೇಕು. ತುಂಬಿದ ಜೆಮ್ಮೇ ಕೆಲವೊಮ್ಮೆ ಅಂಗಡೀಲಿ, ನೆಕ್ರೊಮ್ಯಾನ್ಸರ್ ಗುಹೆಗಳಲ್ಲಿ ಸಿಗುತ್ತೆ, ನಿಯಮದ ಅಕ್ಷರ ಉಳಿಯುತ್ತೆ. ಆದರೆ ಅದರೊಳಗೆ ಇರೋದೂ ಯಾರದ್ದೋ ಆತ್ಮವೇ, ಬಳಸಿದ ಮೇಲೆ ಆತ್ಮಗಳ ಸೆರೆಲೋಕ ಸೋಲ್ ಕೈರ್ನ್‌ಗೆ ಹೋಗಿ ಬೀಳೋದು. ಮಾರಾ ಭಕ್ತೆ ಅದನ್ನ ದುಡ್ಡು ಕೊಟ್ಟು ಕೊಳ್ತಾಳಾ, ನೀವೇ ಹೇಳಿ.

ಕಂಪ್ಯಾನಿಯನ್ಸ್ ಅನ್ನೋ ಯೋಧರ ಪಡೆ ಸೇರಿ ಅಲ್ಲಿನ ತೋಳಮಾನವಿ ಏಲಾಳ ರಕ್ತ ಕುಡಿದ್ರೂ ವ್ಯಾಂಪೈರ್ ಕಾಯಿಲೆ ಹೋಗುತ್ತೆ, ಇಳಾ ತೋಳ ಆಗ್ತಾಳೆ. ಅದಾದ ಕೂಡಲೇ ತೋಳಮಾನವರ ಬೇಟೆಗಾರರಾದ ಸಿಲ್ವರ್ ಹ್ಯಾಂಡ್‌ನವರನ್ನ ಸಾಲಾಗಿ ಕೊಲ್ಲೋ ಕೆಲಸ ಬರುತ್ತೆ. ಇಳಾಗೆ ಅದು ಇನ್ನೂ ಕೆಟ್ಟ ದಾರಿ.

---

ರಾಗಿಮುದ್ದೆ_ರೇಂಜರ್

ದೋಸೆ ಸರ್ ಹೇಳಿದ್ದನ್ನ ಉಲ್ಟಾ ನೋಡಿ. ಸ್ಕೈರಿಮ್‌ನಲ್ಲಿ ಮಲಗಿದವರ ರಕ್ತ ಕುಡಿದ್ರೆ ಅವರು ಸಾಯಲ್ಲ. ಬೆಳಗ್ಗೆ ಎದ್ದು ಅವರ ಪಾಡಿಗೆ ಕೆಲಸಕ್ಕೆ ಹೋಗ್ತಾರೆ. ಅಂದರೆ ವ್ಯಾಂಪೈರ್ ಆಗೇ ಇದ್ರೆ ವ್ರತ ಉಳಿಯುತ್ತೆ, ವಾಸಿ ಆಗೋಕೆ ಹೋದ್ರೆ ವ್ರತ ಮುರಿಯುತ್ತೆ. ಇದಕ್ಕಿಂತ ಒಳ್ಳೇ ತಿರುವು ಬರೆದು ಕೊಟ್ಟರೂ ಸಿಗಲ್ಲ ಗುರು, ಆಟವೇ ಕೊಟ್ಟಿದೆ, ತಗೊಳ್ಳಿ.

ಆದರೆ ದಿನಾ ಕುಡೀಬೇಕು. ಕುಡಿಯದೆ 24 ಗೇಮ್ ಗಂಟೆ (ನಿಜದ 72 ನಿಮಿಷ) ಕಳೆದ ಹಾಗೆಲ್ಲ ಒಂದೊಂದು ಹಂತ ಮೇಲೆ, ಒಟ್ಟು ನಾಲ್ಕು. ಮೊದಲ ಹಂತದಲ್ಲಿ ಬೆಂಕಿಗೆ ಶೇ. 20 ದುರ್ಬಲ, ಬಿಸಿಲಲ್ಲಿ ಹೆಲ್ತ್, ಮ್ಯಾಜಿಕಾ (ಮಂತ್ರಶಕ್ತಿ), ಸ್ಟ್ಯಾಮಿನಾ ತಲಾ 15 ಕಡಿಮೆ. ನಾಲ್ಕನೇ ಹಂತಕ್ಕೆ ಬೆಂಕಿ ಶೇ. 50, ಬಿಸಿಲಿಗೆ ತಲಾ 60 ಹೋಗುತ್ತೆ. ಒಂದು ಸಲ ಕುಡಿದ್ರೆ ವಾಪಸ್ ಮೊದಲ ಹಂತ. ಹಸಿದಷ್ಟೂ ಬಲ ಜಾಸ್ತಿ ಅನ್ನೋದು ಇಲ್ಲಿಯ ಪದ್ಧತಿ, ಆದರೆ ಆ ಬಲ ಇಳಾಗೆ ಬೇಕಿಲ್ಲ. ಮೊದಲ ಹಂತದಲ್ಲೇ ಇರಲಿ.

ವೈದ್ಯೆಗೆ ನಿಜವಾಗಿ ನೋಯೋದು ಈ ಅಂಕಿ ಅಲ್ಲ. ಹಗಲು ಹೊರಗಿದ್ದಾಗ ಮ್ಯಾಜಿಕಾ ತುಂಬಿಕೊಳ್ಳೋದೇ ಇಲ್ಲ. ಮೋಡ ಇರಲಿ, ಮುಸುಕು ಹಾಕಿರಲಿ, ಯಾವುದೂ ಲೆಕ್ಕಕ್ಕಿಲ್ಲ. ನಾಲ್ಕು ಸಲ ಹೀಲಿಂಗ್ ಮಾಡಿದ್ರೆ ಕೈ ಖಾಲಿ. ಹಾಗಾಗಿ ಆಲ್ಕೆಮಿ ಕೆಲಸಕ್ಕೆ ಬರುತ್ತೆ: ಕೆಂಪು ಮೌಂಟನ್ ಫ್ಲವರ್, ಕ್ರೀಪ್ ಕ್ಲಸ್ಟರ್, ಮೋರಾ ಟಪಿನೆಲ್ಲಾ, ಇವುಗಳಲ್ಲಿ ಯಾವ ಎರಡು ಸೇರಿಸಿದ್ರೂ ರಿಸ್ಟೋರ್ ಮ್ಯಾಜಿಕಾ ಬರುತ್ತೆ. ಹೊರಡೋ ಮುಂಚೆ ಹತ್ತು ಹನ್ನೆರಡು ಬಾಟಲಿ ಇರಲಿ.

ಕುಡಿಯೋದು ಹೇಗೆ ಅಂದ್ರೆ ಸ್ನೀಕ್‌ನಲ್ಲಿ ಹೋಗಿ ಮಲಗಿದವರನ್ನ ಮುಟ್ಟಿ, ಆಯ್ಕೆ ಬರುತ್ತೆ. ಯಾರಾದ್ರೂ ನೋಡಿದ್ರೆ ಅದು ಅಪರಾಧ, ತಲೆ ಮೇಲೆ ಬೌಂಟಿ. ಇನ್‌ಗಳಲ್ಲಿ ಬಾಗಿಲು ಮುಚ್ಚಿದ ಕೋಣೆ ಒಳ್ಳೇದು, ಸೈನಿಕರ ಬ್ಯಾರಕ್ ಬೇಡ.

---

ಮಲ್ಲೇಶ್ವರಂ_ಮ್ಯಾಜ್

ರೆಸ್ಟೊರೇಷನ್ ದಂಡ ಅಲ್ಲ, ಬದಲಿಗೆ ಈಗಲೇ ಅದಕ್ಕೆ ಬೆಲೆ. 70ಕ್ಕೆ ನೆಕ್ರೊಮ್ಯಾಜ್ ಪರ್ಕ್ ಸಿಗುತ್ತೆ, ಅದಕ್ಕೆ ಬೇಕಾದ ರೀಜನರೇಷನ್ ನಿಮ್ಮ ಹತ್ತಿರ ಇದೆ. ಶವಜೀವಿಗಳ ಮೇಲೆ ಮಂತ್ರದ ಪರಿಣಾಮ ಶೇ. 25 ಜಾಸ್ತಿ, ಅವಧಿ ಶೇ. 50 ಜಾಸ್ತಿ ಮಾಡುತ್ತೆ. ವ್ಯಾಂಪೈರ್ ಶವಜೀವಿ ಲೆಕ್ಕದಲ್ಲೇ ಬರೋದ್ರಿಂದ ಇಳಾ ತನ್ನ ಮೇಲೆ ತಾನೇ ಹಾಕ್ಕೊಳ್ಳೋ ಎಲ್ಲದಕ್ಕೂ ಅದು ಸೇರುತ್ತೆ. ಓಕ್‌ಫ್ಲೆಶ್ ರಕ್ಷಣಾ ಮಂತ್ರದ 40 ಆರ್ಮರ್ 50 ಆಗುತ್ತೆ. ಮುಟ್ಟಿದ್ರೆ ವರ ಕೊಡೋ ಲಾರ್ಡ್ ಸ್ಟೋನ್‌ನ 50 ಆರ್ಮರ್ 62.5, ಮ್ಯಾಜಿಕ್ ತಡೆ ಶೇ. 25 ಇದ್ದದ್ದು 31.25.

ಎಲ್ಲರೂ ಎಡವೋ ಜಾಗ: ಪರ್ಕ್ ತಗೊಳ್ಳೋ ಮುಂಚೆಯೇ ಮುಟ್ಟಿದ ಕಲ್ಲಿಗೆ, ಹಾಕಿಕೊಂಡ ಉಂಗುರಕ್ಕೆ ಈ ಹೆಚ್ಚಳ ತಾನಾಗಿ ಬರಲ್ಲ. ಪರ್ಕ್ ತಗೊಂಡ ಮೇಲೆ ಉಂಗುರ ಬಿಚ್ಚಿ ಹಾಕಿ, ಬೇರೆ ಯಾವುದಾದ್ರೂ ಕಲ್ಲು ಮುಟ್ಟಿ ಬಂದು ಲಾರ್ಡ್ ಸ್ಟೋನ್ ಮತ್ತೆ ಮುಟ್ಟಿ. ಅದು ಮೊರ್ಥಲ್‌ನಿಂದ ಪೂರ್ವಕ್ಕೆ ಬೆಟ್ಟದ ಮೇಲಿದೆ, ಮೆರೂನ್ಸ್ ಡೇಗನ್ ಗುಡಿ ಹತ್ತಿರ.

ಇನ್ನು ಇಲ್ಯೂಷನ್. ಕೊಲ್ಲದ ವ್ಯಾಂಪೈರ್‌ಗೆ ಇದೇ ಸರಿಯಾದ ವಿದ್ಯೆ, ಯಾಕಂದ್ರೆ ವ್ಯಾಂಪೈರ್ ಆದವರಿಗೆ ಇಲ್ಯೂಷನ್ ಮಂತ್ರಗಳು ಶೇ. 25 ಜಾಸ್ತಿ ಬಲ. ಶತ್ರುವನ್ನ ಶಾಂತ ಮಾಡೋ ಕಾಲ್ಮ್ ಮಂತ್ರ ಬರೀ ಲೆವೆಲ್ 9ರವರೆಗಿನ ಶತ್ರುಗಳಿಗೆ ತಾಗುತ್ತೆ. ಕಿಂಡ್ರೆಡ್ ಮ್ಯಾಜ್ ಪರ್ಕ್ ಇದ್ರೆ ಮನುಷ್ಯರಿಗೆ ಇನ್ನೂ 10, ಹಿಪ್ನಾಟಿಕ್ ಗೇಜ್ ಇದ್ರೆ ಇನ್ನೂ 8. ಡ್ರಾಗರ್‌ಗೆ ಮಾತ್ರ ತಾಗಲ್ಲ, ಅದಕ್ಕೆ ಇಲ್ಯೂಷನ್ 90ರ ಮಾಸ್ಟರ್ ಆಫ್ ದ ಮೈಂಡ್ ಬೇಕು. ನಿಮ್ಮ ನಿಯಮದಲ್ಲಿ ಡ್ರಾಗರ್ ನಡೆಯುತ್ತಲ್ಲ, ಚಿಂತೆ ಇಲ್ಲ.

ಪರ್ಕ್ ಸಾಲುತ್ತಾ? ಲೆಕ್ಕ ಹಾಕೋಣ. ಒಂದು ಸ್ಕಿಲ್ ಏರಿದಾಗ ಮುಟ್ಟಿದ ಅಂಕಿ ಎಷ್ಟೋ ಅಷ್ಟೇ ಅನುಭವ ಸಿಗೋದು. ಮುಂದಿನ ಲೆವೆಲ್‌ಗೆ ಬೇಕಾಗೋದು ಈಗಿನ ಲೆವೆಲ್ ಗುಣಿಸು 25, ಕೂಡಿಸು 75. ಇಲ್ಯೂಷನ್ 20ರಿಂದ 50ಕ್ಕೆ ಒಯ್ದರೆ 1065. ರೆಸ್ಟೊರೇಷನ್ 62ರಿಂದ 70ಕ್ಕೆ 532. ಒಟ್ಟು 1597. ಲೆವೆಲ್ 15, 16, 17 ದಾಟೋಕೆ 450, 475, 500, ಒಟ್ಟು 1425. ಮೂರು ಪರ್ಕ್ ಬಂತು, ಉಳಿಸಿರೋ ಎರಡು ಸೇರಿ ಐದು. ನೆಕ್ರೊಮ್ಯಾಜ್, ನೊವಿಸ್ ಇಲ್ಯೂಷನ್, ಅನಿಮ್ಯಾಜ್, ಕಿಂಡ್ರೆಡ್ ಮ್ಯಾಜ್, ಹಿಪ್ನಾಟಿಕ್ ಗೇಜ್. ಸರಿಯಾಗಿ ಐದು. ಸದ್ದಿಲ್ಲದೆ ಮಂತ್ರ ಹಾಕೋ ಕ್ವೈಟ್ ಕ್ಯಾಸ್ಟಿಂಗ್ ಮುಂದಿನ ಲೆವೆಲ್‌ಗೆ ಇರಲಿ.

ಇದನ್ನೇ ಲೆವೆಲ್ 40ರಲ್ಲಿ ಮಾಡಿದ್ರೆ ಅದೇ 1597ಕ್ಕೆ ಒಂದೇ ಪರ್ಕ್, ಯಾಕಂದ್ರೆ ಅಲ್ಲಿ ಒಂದು ಲೆವೆಲ್‌ಗೇ 1075 ಬೇಕು. ದಾರಿ ಬದಲಾಗೋದಿದ್ರೆ ಬೇಗ ಬದಲಾಗಬೇಕು, ನಿಮ್ಮದು ಒಳ್ಳೇ ಸಮಯ. ಪರ್ಕ್ ಬಂದ ತಕ್ಷಣ ಖರ್ಚು ಮಾಡೋ ಅಭ್ಯಾಸ ಇರೋರಿಗೆ ಇಂಥ ಜಾಗದಲ್ಲೇ ಕಷ್ಟ ಆಗೋದು. ಹಾಕಿದ ಪರ್ಕ್ ವಾಪಸ್ ಬೇಕು ಅಂದ್ರೆ ಒಂದೋ ಆ ಸ್ಕಿಲ್ 100 ಮುಟ್ಟಿಸಿ ಲೆಜೆಂಡರಿ ಮಾಡಬೇಕು, ಇಲ್ಲಾ ಡ್ರ್ಯಾಗನ್‌ಬಾರ್ನ್ ಡಿಎಲ್‌ಸಿಯ ಮುಖ್ಯ ಕಥೆ ಮುಗಿಸಿ ಅಪೋಕ್ರಿಫಾ ಲೋಕದಲ್ಲಿ ಒಂದೊಂದು ಸ್ಕಿಲ್‌ನ ಪರ್ಕ್ ಮರಕ್ಕೂ ಒಂದು ಡ್ರ್ಯಾಗನ್ ಸೋಲ್ ಕೊಡಬೇಕು. ಎರಡೂ ನಿಮಗೆ ದೂರ.

ಏರಿಸೋದಕ್ಕೆ ವಿಂಟರ್‌ಹೋಲ್ಡ್ ಕಾಲೇಜು. ಡ್ರೆವಿಸ್ ನೆಲೊರೆನ್ ಇಲ್ಯೂಷನ್ 90ರವರೆಗೆ ಕಲಿಸ್ತಾನೆ, ಕೊಲೆಟ್ ಮಾರೆನ್ಸ್ ರೆಸ್ಟೊರೇಷನ್ 75ರವರೆಗೆ. ಒಂದು ಲೆವೆಲ್‌ಗೆ ಐದೇ ಪಾಠ. ಡ್ರೆವಿಸ್ ಹತ್ತಿರ ಹೆಜ್ಜೆ ಸದ್ದು ಅಡಗಿಸೋ ಮಫಲ್ ಮಂತ್ರ ಕೊಂಡು ಸುಮ್ಮನೆ ನಡೀತಾ ಹಾಕ್ತಾ ಇದ್ರೂ ಇಲ್ಯೂಷನ್ ಬೇಗ ಏರುತ್ತೆ, ಎದುರಿಗೆ ಶತ್ರು ಇರಬೇಕಂತಿಲ್ಲ. ಮೆಟ್ರೋಗೆ ಹೇಳಿ ಮಾಡಿಸಿದ ಕೆಲಸ.

---

ಕತ್ತರಿಗುಪ್ಪೆ_ಕಾಜಿಟ್

ರೇಂಜರ್, ಕುಡಿದ್ರೆ ಸಾಯಲ್ಲ ಅನ್ನೋದನ್ನ ಈ ಕಡೆಯಿಂದ ಯೋಚಿಸಿರಲಿಲ್ಲ. ಮ್ಯಾಜ್ ಅವರೇ, ಲೆಕ್ಕಕ್ಕೆ ಥ್ಯಾಂಕ್ಸ್. ನೆಕ್ರೊಮ್ಯಾಜ್ ಸ್ವಲ್ಪ ಮೋಸ ಅನ್ನಿಸುತ್ತೆ ಅಷ್ಟೇ. ಡಾನ್‌ಗಾರ್ಡ್ ಡಿಎಲ್‌ಸಿಯ ವ್ಯಾಂಪೈರ್ ದೊರೆ ಹಾರ್ಕನ್ ಕಥೆ ಇನ್ನೂ ಶುರು ಮಾಡಿಲ್ಲ. ಮಾಡಿದ್ರೆ ಈ ದಾರಿ ಕೆಡುತ್ತಾ?

---

ಬನಶಂಕರಿ_ಬಾರ್ಡ್

ನೆಕ್ರೊಮ್ಯಾಜ್ ಮೋಸ ಅನ್ನಿಸಿದ್ರೆ ಅದಕ್ಕೊಂದು ಬೆಲೆ ಇಡಿ. ಪರ್ಕ್ ತಗೊಂಡ ದಿನದಿಂದ ಮಾರಾ ತಾಯತ ಕೊರಳಲ್ಲಿ ಇರಲ್ಲ, ಮನೆ ಪೆಟ್ಟಿಗೇಲಿ ಇರುತ್ತೆ. ಪಾತ್ರ ಎರಡಾಗಬಾರದು ಅಂದ್ರೆ ಉಪಾಯ ಇದೇ: ಎಲ್ಲ ಒಟ್ಟಿಗೆ ಬದಲಾಯಿಸಬೇಡಿ. ಮೂರು ವಾಕ್ಯ ಬರೆದಿಟ್ಟುಕೊಳ್ಳಿ. ಯಾವತ್ತೂ ಮಾಡದ್ದು ಒಂದು (ಕೊಲೆ). ಒತ್ತಾಯಕ್ಕೆ ಮಾತ್ರ ಮಾಡೋದು ಒಂದು (ಗೊತ್ತಿಲ್ಲದವರ ರಕ್ತ). ಹಳೇ ಜೀವನದಿಂದ ಬಿಡದ ಅಭ್ಯಾಸ ಒಂದು (ಇಳಾ ವಿಷಯದಲ್ಲಿ ಔಷಧಿ). ಆಟ ಎರಡನೇ ವಾಕ್ಯವನ್ನ ಎಷ್ಟು ಬೇಕಾದ್ರೂ ಎಳೀಲಿ, ಮೊದಲನೆಯದನ್ನ ಮುಟ್ಟಬೇಕಾದ್ರೆ ಕಥೇಲಿ ದೊಡ್ಡ ಕಾರಣ ಇರಲಿ. ಬಟ್ಟೆ, ಮನೆ, ಸ್ನೇಹಿತರು ಆಮೇಲೆ ತಾವಾಗೇ ಬದಲಾಗ್ತಾರೆ. ಕುಡಿದ ಮನೆ ಮೇಜಿನ ಮೇಲೆ ಒಂದು ಹೀಲಿಂಗ್ ಬಾಟಲಿ ಡ್ರಾಪ್ ಮಾಡಿ ಬನ್ನಿ. ಆಟಕ್ಕೆ ಅದು ಗೊತ್ತಾಗಲ್ಲ, ನಿಮಗೆ ಗೊತ್ತಿರುತ್ತೆ.

ಡಾನ್‌ಗಾರ್ಡ್ ಬಗ್ಗೆ: ಬ್ಲಡ್‌ಲೈನ್ ಕ್ವೆಸ್ಟ್‌ನಲ್ಲಿ ಹಾರ್ಕನ್ ತನ್ನ ರಕ್ತ ಕೊಡ್ತೀನಿ ಅಂತಾನೆ. ತಗೊಂಡ್ರೆ ವ್ಯಾಂಪೈರ್ ಲಾರ್ಡ್, ಬೇರೆಯದೇ 11 ಪರ್ಕ್‌ನ ಮರ, ನಿಮ್ಮ ಐದು ಪರ್ಕ್ ಖರ್ಚಾಗಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಆ ಮರ ತುಂಬೋದು ಲಾರ್ಡ್ ರೂಪದಲ್ಲಿ ಡ್ರೇನ್ ಮಾಡಿ, ಕಚ್ಚಿ ಕೊಂದಾಗ. ಇಳಾ ಕೊಲ್ಲಲ್ಲ ಅಂದ್ಮೇಲೆ ಅದು ಒಣಗಿದ ಮರ. ಬೇಡ ಅಂದ್ರೂ ನಷ್ಟ ಇಲ್ಲ, ಮುಂದೆ ಚೇಸಿಂಗ್ ಎಕೋಸ್‌ನಲ್ಲಿ ಹಾರ್ಕನ್ ಮಗಳು ಸೆರಾನಾ ಮತ್ತೆ ಕೇಳ್ತಾಳೆ. ಇನ್ನೊಂದು ಕಡೆ ವ್ಯಾಂಪೈರ್ ಬೇಟೆಗಾರರ ನಾಯಕ ಇಸ್ರಾನ್ ಇದ್ದಾನಲ್ಲ, ಅವನು ವ್ಯಾಂಪೈರ್ ಜೊತೆ ಕೆಲಸ ಮಾಡೋನಲ್ಲ, ಫಾಲಿಯನ್ ಹತ್ತಿರ ಹೋಗಿ ವಾಸಿ ಮಾಡ್ಕೊಂಡು ಬಾ ಅಂತಾನೆ. ಮತ್ತೆ ಅದೇ ಜೆಮ್. ನನ್ನ ಕೇಳಿದ್ರೆ ಎರಡೂ ಕೋಟೆ ಸಹವಾಸ ಬೇಡ.

ಇನ್ನೊಂದು ತಲೆನೋವು. ಡಾನ್‌ಗಾರ್ಡ್ ಇದ್ದಾಗ ಲೆವೆಲ್ 10 ದಾಟಿದ್ರೆ ರಾತ್ರಿ ಹೊತ್ತು ಊರುಗಳ ಮೇಲೆ ವ್ಯಾಂಪೈರ್ ದಾಳಿ ಆಗುತ್ತೆ, ಅಂಗಡಿಯವರು ಸತ್ತರೆ ಸತ್ತಂತೆಯೇ. ಬಿಸಿಲಿಗೆ ಹೆದರಿ ಇಳಾ ಓಡಾಡೋದೂ ರಾತ್ರಿನೇ. ಊರಿಗೆ ಫಾಸ್ಟ್ ಟ್ರಾವೆಲ್ ಮಾಡೋದಿದ್ರೆ ಹಗಲು ತಲುಪೋ ಹಾಗೆ ಹೊರಡಿ, 15 ಪಾಯಿಂಟ್ ಹೋದ್ರೆ ಹೋಗಲಿ. ಮುಂಚೆ ಸೇವ್ ಇರಲಿ.

---

ಕತ್ತರಿಗುಪ್ಪೆ_ಕಾಜಿಟ್

ಅಂಗರಕ್ಷಕಿ ಲಿಡಿಯಾ ಜೊತೇಲಿದ್ದಾಳೆ. ಅವಳು ಕೊಂದ್ರೆ ಲೆಕ್ಕಕ್ಕೆ ಬರುತ್ತಾ?

---

ದೋಸೆಬಾರ್ನ್

ನಿಯಮ ನಿಮ್ಮದು, ಆದರೆ ಆಟದ ಲೆಕ್ಕದಲ್ಲೇ ಅವಳು ತೊಂದರೆ. ಕಾಲ್ಮ್ ಹಾಕಿದವನಿಗೆ ಒಂದೇಟು ಬಿದ್ರೂ ಮಂತ್ರ ಹೋಗುತ್ತೆ, ಲಿಡಿಯಾ ಕತ್ತಿ ಒಳಗಿಡೋಳಲ್ಲ. ಬ್ಯಾಂಡಿಟ್ ಕ್ಯಾಂಪ್ ಕಂಡಾಗಲೆಲ್ಲ ಅವಳಿಗೆ ಮೊದಲೇ ವೇಟ್ ಹೇಳಿ, ಒಬ್ಬರೇ ಒಳಗೆ ಹೋಗಿ. ಬ್ರೀಜ್‌ಹೋಮ್ ಮನೆ ಕೊಂಡಿದ್ರೆ ಅಲ್ಲೇ ಬಿಡಿ.

---

ಬನಶಂಕರಿ_ಬಾರ್ಡ್

ಯಾರಾದ್ರೂ ಬೇಕೇ ಬೇಕು ಅಂದ್ರೆ ಡಾನ್‌ಸ್ಟಾರ್‌ನ ಎರಾಂಡರ್. ಮಾರಾ ಪೂಜಾರಿ, ಹಿಂದೆ ದುಃಸ್ವಪ್ನಗಳ ದೇವತೆ ವೇರ್‌ಮಿನಾಳ ಪಂಥದಲ್ಲಿದ್ದವನು. ವೇಕಿಂಗ್ ನೈಟ್‌ಮೇರ್ ಕ್ವೆಸ್ಟ್ ಕೊನೇಲಿ ವೇರ್‌ಮಿನಾ ಅವನನ್ನ ಕೊಲ್ಲು ಅಂತಾಳೆ, ಕೊಲ್ಲದಿದ್ರೆ ಜೊತೆ ಬರ್ತಾನೆ. ವೇಟ್ ಹೇಳೋ ಕೆಲಸ ಅವನಿಗೂ ತಪ್ಪಲ್ಲ, ಕೈಯಲ್ಲಿ ಬೆಂಕಿ ಇಟ್ಕೊಂಡೇ ಓಡಾಡ್ತಾನೆ. ಇಳಾಗೆ ಈಗ ಬೆಂಕಿ ಶೇ. 20 ಜಾಸ್ತಿ ತಾಗುತ್ತೆ ಅನ್ನೋದು ನೆನಪಿರಲಿ, ಅವನ ಮುಂದೆ ನಿಲ್ಲಬೇಡಿ.